ಗೋಡೆಗೆ ಕಿವಿಗೊಟ್ಟ ಮೇಸ್ತ್ರಿ

ಎಲ್ಲರೂ ಅವನನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದುದು. ನಲವತ್ತು ವರ್ಷದಿಂದ ಅವನ ಕೆಲಸ ಒಂದೇ: ಹಳೆಯ ಗಾರೆ ಗೋಡೆಯನ್ನು ಮರದ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಹೇಳುವುದು. ಗಾರೆ ಇಟ್ಟಿಗೆಯನ್ನು ಬಿಟ್ಟು ಕೂದಲೆಳೆಯಷ್ಟು ಎದ್ದಿದ್ದರೂ ಹಿಡಿದುಬಿಡುತ್ತಿದ್ದ. ಆ ವಿಷಯದಲ್ಲಿ ಅವನಿಗೆ ಜಂಬವೇನೂ ಕಡಿಮೆಯಿರಲಿಲ್ಲ.

ಈಗ ಕೈಗೆ ಬಂದಿದ್ದು ನೂರೈವತ್ತು ವರ್ಷದ ಬಂಗಲೆ. ಮಹಾ ಮೋಸಗಾರ ಕಟ್ಟಡ ಅದು. ಒಳಗೆಲ್ಲ ಬಡಪಾಯಿ ಇಟ್ಟಿಗೆ. ಮೇಲೆ ಸುಣ್ಣದ ಗಾರೆ ಬಳಿದು, ಹಸಿಯಿರುವಾಗಲೇ ಗೀರೆಳೆದು, ದಪ್ಪ ಕಲ್ಲು ಜೋಡಿಸಿದ ಹಾಗೆ ತೋರಿಸಿದ್ದರು. ಕಂಬದ ನುಣುಪೂ ಗಾರೆಯದೇ, ಕಿಟಕಿಯ ಮೇಲಿನ ಎಲೆಬಳ್ಳಿಯೂ ಗಾರೆಯದೇ. ಮುಂಬಾಗಿಲ ಮಂಟಪದ ಸುತ್ತ ಮೊಳದಗಲದ ಅಂಚುಪಟ್ಟಿ ಹೊರಚಾಚಿ ನಿಂತಿತ್ತು. ಬಂಗಲೆ ಇನ್ನು ಮಕ್ಕಳ ಗ್ರಂಥಾಲಯವಾಗುವುದಿತ್ತು. ಮಕ್ಕಳೆಲ್ಲ ಆ ಪಟ್ಟಿಯಡಿಯಲ್ಲೇ ಓಡಾಡಬೇಕು.

ಬೆಳಿಗ್ಗೆ ಅವನು ಅದನ್ನು ಉದ್ದಕ್ಕೂ ತಟ್ಟಿ, ಎಲ್ಲಾ ಗಟ್ಟಿ ಎಂದಿದ್ದ. ಇಂಜಿನಿಯರಮ್ಮ ನಕ್ಷೆಯಲ್ಲಿ ಆ ಪಟ್ಟಿಗೆ ಹಸಿರು ಬಳಿದು, ಹತ್ತಿ ನಿಲ್ಲಲು ಕಟ್ಟಿದ್ದ ಸಾರುವೆಯನ್ನು ಮಧ್ಯಾಹ್ನದ ಮೇಲೆ ಬಿಚ್ಚಿ ಎಂದು ಆಳುಗಳಿಗೆ ಹೇಳಿ ಒಳಗೆ ಹೋಗಿದ್ದಳು. ಮೇಸ್ತ್ರಿ ಹೇಳಿದ ಮೇಲೆ ಎರಡನೇ ಮಾತೇ ಇರಲಿಲ್ಲ.

ಆದರೆ ಕೆಳಗಿಳಿದವನಿಗೆ ಕಾಲು ಒಂದೆಡೆ ನಿಲ್ಲಲಿಲ್ಲ. ಇಪ್ಪತ್ತು ಮೊಳ ಗಾರೆ, ಅಷ್ಟೂ ಒಂದೇ ದನಿ! ಇಷ್ಟು ವಯಸ್ಸಾದ ಗಾರೆ ಎಲ್ಲಿಯಾದರೂ ಹಾಗೆ ಉತ್ತರ ಕೊಡುವುದುಂಟೆ? ಮತ್ತೆ ಹತ್ತಿದ, ತಟ್ಟಿದ, ಇಳಿದ. ಸುತ್ತಿಗೆಯೇ ಸರಿಯಿಲ್ಲವೆಂದು ಬೈದು ಬೇರೆಯದನ್ನು ತಂದ. ಬುತ್ತಿ ಬಿಚ್ಚಿ ಎರಡು ತುತ್ತು ತಿಂದು ಮುಚ್ಚಿಟ್ಟ. ಕೊನೆಗೆ ಹಿತ್ತಲ ಗೋಡೆಗೆ ಹೋದ. ಅಲ್ಲೊಂದು ಕಡೆ ಗಾರೆ ಉಬ್ಬಿ, ಅಂಗೈಯಿಂದ ಒತ್ತಿದರೆ ಅಲುಗುತ್ತಿತ್ತು. ಎಳೆಮಗುವಿಗೂ ಗೊತ್ತಾಗುವಂಥ ಟೊಳ್ಳು. ತಟ್ಟಿದ. ಅದೇ ದನಿ. ಪಕ್ಕದ ಗಟ್ಟಿ ಜಾಗ ತಟ್ಟಿದ. ಅಲ್ಲೂ ಅದೇ.

ಹೆಂಡತಿ ಅಲ್ಲೇ ಸುಣ್ಣ ಕಲಸುತ್ತಿದ್ದಳು. ಮದುವೆಯಾದಾಗಿನಿಂದ ಅವನ ಜೊತೆಗೇ ಅವಳ ಕೆಲಸ. ಈಚೆಗೆ ಇವಳಿಗೆ ಬಾಯಿ ಜೋರಾಗಿದೆ ಎಂದುಕೊಂಡು ಅವನು ಕೆಲವು ತಿಂಗಳಿಂದ ಸಿಡಿಮಿಡಿಗುಟ್ಟುತ್ತಿದ್ದ. ಈಗ ಅವಳೆದುರು ಕುಕ್ಕರಗಾಲಲ್ಲಿ ಕೂತು, ತನ್ನ ಕಿವಿ ಹೋದ ಹಾಗಿದೆ ಎಂದ. ಅವಳು ಕೈ ನಿಲ್ಲಿಸಿದಳು.

"ನಂಗೆ ಗೊತ್ತು."

ಅವನಿಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿದ್ದೂ ಹೇಳ್ಲಿಲ್ವಾ?"

"ಹೇಳ್ದೆ. ಮೂರು ಸಲ ಹೇಳ್ದೆ," ಅವಳು ಮುಖದ ಹತ್ತಿರ ಬಂದು ಅಂದಳು. "ನಿಮಗೆ ಕೇಳಿಸ್ಲಿಲ್ಲ."

ಮುಂಬದಿಯಲ್ಲಿ ಆಳುಗಳು ಆಗಲೇ ಸಾರುವೆಯ ಹಗ್ಗಕ್ಕೆ ಕೈ ಹಾಕಿದ್ದರು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಹೆಸರೂ ಉಳಿಯುತ್ತದೆ. ಹಿತ್ತಲಿಂದ ಮುಂಬಾಗಿಲಿಗೆ ಬರುವಷ್ಟು ಹೊತ್ತು ಅವನು ಹಾಗೆ ಯೋಚಿಸಿದ್ದು ನಿಜ. ಅದಕ್ಕೆ ಆಮೇಲೆ ತುಂಬಾ ನಾಚಿಕೊಂಡ. ಕೈಯೆತ್ತಿ ಆಳುಗಳನ್ನು ತಡೆದ. ಇಂಜಿನಿಯರಮ್ಮನನ್ನು ಕರೆಸಿ, ಬೆಳಿಗ್ಗೆ ಹೇಳಿದ್ದು ಸುಳ್ಳು, ನನಗೆ ಕಿವಿ ಕೇಳುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿಬಿಟ್ಟ. ಹಾಗಾದರೆ ನೋಡುವವರು ಯಾರು ಎಂದು ಆಕೆ ಕೇಳಿದಾಗ ಸುತ್ತಿಗೆಯನ್ನು ಹಿಂದೆಯೇ ಬಂದಿದ್ದ ಹೆಂಡತಿಯ ಕೈಗಿತ್ತ. ಮೂವತ್ತು ವರ್ಷ ಅವನ ಏಟನ್ನೂ ಅವನ ತೀರ್ಪನ್ನೂ ಕೇಳಿಸಿಕೊಂಡವಳು ಅವಳು.

ಅವಳು ಸೆರಗು ಬಿಗಿದು ಹತ್ತಿದಳು. ತಟ್ಟುತ್ತ ಹೋಗಿ, ಬಾಗಿಲ ನೇರಕ್ಕೆ ಬಂದಾಗ ನಿಂತಳು. ಮತ್ತೆ ತಟ್ಟಿ ಸೀಮೆಸುಣ್ಣದಿಂದ ಸುತ್ತು ಬರೆದಳು. ಸುತ್ತು ಹಿಗ್ಗುತ್ತ ಮೂರು ಮೊಳವಾಯಿತು, ಸರಿಯಾಗಿ ಮಕ್ಕಳು ಹತ್ತಿಬರುವ ಮೆಟ್ಟಿಲ ನೆತ್ತಿಗೆ. ಇಂಜಿನಿಯರಮ್ಮ ನಕ್ಷೆಯ ಹಸಿರನ್ನು ಹೊಡೆದುಹಾಕಿದಳು.

ಮೇಸ್ತ್ರಿಗೆ ಕೆಳಗೆ ನಿಲ್ಲಲಾಗಲಿಲ್ಲ. ಏದುಸಿರು ಬಿಡುತ್ತ ಮೇಲೆ ಹತ್ತಿ, ಯಾರಿಗೂ ಕೇಳಿಸಬಾರದೆಂದು ಅವಳ ಕಿವಿಯ ಹತ್ತಿರ ಬಗ್ಗಿದ.

"ಅದು ಹೇಗೆ ಕೇಳಿಸ್ತು, ಸ್ವಲ್ಪ ಹೇಳೇ."

ಪಿಸುಗುಟ್ಟಿದೆನೆಂದೇ ಅವನು ತಿಳಿದಿದ್ದ. ಅಂಗಳದಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು.