ಹಗ್ಗ ಹತ್ತಿ ಬಂದ ಗಂಡ-ಹೆಂಡಿರು

ನೀಲಾಗೆ ಯಾಂಗೋನ್‌ನಲ್ಲಿ ಎಲ್ಲಕ್ಕಿಂತ ಮೊದಲು ಹಿಡಿಸಿದ್ದು ಹಗ್ಗ. ಗಂಡ ಮ್ಯೋ ಪೈಂಗ್‌ನನ್ನು ಅವಳು ತನ್ನೂರು ಪತೇನ್‌ನಲ್ಲೇ ಮೆಚ್ಚಿಯಾಗಿತ್ತು, ಆ ಮಾತು ಬೇರೆ. ಮನೆಯನ್ನಂತೂ ಮೆಚ್ಚುವ ಹಾಗೇ ಇರಲಿಲ್ಲ. ಏಳನೆಯ ಮಹಡಿ, ರೈಲು ಡಬ್ಬಿಯ ಹಾಗೆ ಉದ್ದನೆಯ ಒಂದೇ ಕೋಣೆ. ಲಿಫ್ಟಿನ ಮಾತೇ ಇಲ್ಲ. ಪೇಟೆಯಿಂದ ಉಪ್ಪು ತರುವುದು ಮರೆತರೆ, ಮತ್ತೆ ಇಳಿದು ಹತ್ತುವುದಕ್ಕಿಂತ ಸಪ್ಪೆ ಉಣ್ಣುವುದೇ ವಾಸಿ ಅನ್ನಿಸುವಂಥ ಮೆಟ್ಟಿಲು. ಆದರೆ ಬಾಲ್ಕನಿಯಿಂದ ಬೀದಿಯವರೆಗೆ ಒಂದು ಹಸಿರು ಹಗ್ಗ ಇಳಿಬಿದ್ದಿತ್ತು. ಕೆಳತುದಿಗೆ ಕ್ಲಿಪ್ಪು, ಮೇಲ್ತುದಿಗೆ ಗಂಟೆ. ಪೇಪರಿನವನೋ ಸೊಪ್ಪಿನವಳೋ ಸಾಮಾನು ಸಿಕ್ಕಿಸಿ ಒಮ್ಮೆ ಜಗ್ಗಿದರೆ ಮೇಲೆ ಕಿಣಿ ಎನ್ನುತ್ತಿತ್ತು. ಎಳೆದುಕೊಂಡರಾಯಿತು. ನಮ್ಮ ಬೀದಿಯಲ್ಲಿ ಮನೆಮನೆಗೂ ಇಂಥ ಹಗ್ಗವಿದೆ, ನಾವು ಅದನ್ನು ತಲೆಯೆತ್ತಿ ನೋಡುವುದೂ ಇಲ್ಲ. ನೀಲಾ ಮಾತ್ರ ಬಾವಿಯಿಂದ ನೀರು ಸೇದುವವಳ ಹಾಗೆ, ಸೆರಗು ಸಿಕ್ಕಿಸಿದಷ್ಟು ಉಮೇದಿನಿಂದ ಬೀದಿಯನ್ನು ಸೇದಿಕೊಳ್ಳುತ್ತಿದ್ದಳು.

ಅವಳ ಕುತೂಹಲಕ್ಕೆ ಕೊನೆಮೊದಲಿರಲಿಲ್ಲ. ಭಾನುವಾರ ಬಂತೆಂದರೆ ಗಂಡನನ್ನು ಎಳೆದುಕೊಂಡು ಹೊರಡುವುದೇ. ಊರು ಸುತ್ತುವ ರೈಲು ಹತ್ತಿ, ಎಲ್ಲೂ ಇಳಿಯದೆ, ಹತ್ತಿದಲ್ಲೇ ಬಂದಿಳಿಯುವುದು. ದೋಣಿಯಲ್ಲಿ ಹೊಳೆ ದಾಟಿ, ಆಚೆ ದಡದಲ್ಲಿ ಒಂದು ಲೋಟ ಕಬ್ಬಿನ ಹಾಲು ಕುಡಿದು, ಬಂದ ದಾರಿಗೆ ಸುಂಕವಿಲ್ಲವೆಂದು ಅದೇ ದೋಣಿಯಲ್ಲಿ ಹಿಂದಿರುಗುವುದು. ಒಮ್ಮೆ ದೊಡ್ಡ ಅಂಗಡಿಯ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿದ್ದೇ ಓಡಾಡಿದ್ದು, ಕಾವಲುಗಾರ ಬಂದು, “ಏನಮ್ಮಾ, ಎಷ್ಟನೇ ಮಹಡಿಗೆ ಹೋಗ್ಬೇಕು?” ಎಂದಾಗ, “ಏಳನೇದಕ್ಕೆ. ಆದ್ರೆ ನಿಮ್ದಲ್ಲ, ನಮ್ದು” ಎಂದು ನಕ್ಕು ಹೊರಬಿದ್ದಿದ್ದಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ದಣಿದ ಮ್ಯೋ ಪೈಂಗ್ ಇದನ್ನೆಲ್ಲ ಬಾಯಿ ಮುಚ್ಚಿಕೊಂಡು ಅನುಭವಿಸುತ್ತಿದ್ದ. ಅವನಿಗೂ ಖುಷಿಯೇ, ಹೇಳುತ್ತಿರಲಿಲ್ಲ ಅಷ್ಟೇ.

ಊರೆಲ್ಲ ಸುತ್ತಿದರೂ ನೀಲಾ ಕಾಲಿಡದ ಮನೆ ಒಂದಿತ್ತು. ಮೂರು ಬೀದಿಯಾಚೆ ಅವಳ ಅತ್ತೆ ದೋ ಖಿನ್ ಸೇನ್ ಬಟ್ಟೆ ಹೊಲಿಯುತ್ತ ಒಬ್ಬಳೇ ಇದ್ದಳು. ಹುಟ್ಟಿದ ವಾರಕ್ಕೊಂದು ಪ್ರಾಣಿ ಎಂಬುದು ನಮ್ಮ ಲೆಕ್ಕ. ಮಗ ಗುರುವಾರ ಹುಟ್ಟಿದವನು, ಅವನ ಪ್ರಾಣಿ ಇಲಿ. ಹುಡುಗಿ ಶನಿವಾರದವಳು, ಅವಳದು ನಾಗ. ಈ ಎರಡು ವಾರಕ್ಕೆ ಕೂಡಿಬರುವುದಿಲ್ಲವೆಂದು ನಮ್ಮಲ್ಲಿ ಎಳೆಮಕ್ಕಳಿಗೂ ಗೊತ್ತು. ಮದುವೆಯ ಸುದ್ದಿ ಕೇಳಿದ ದಿನ ಅತ್ತೆ ಅಂಗಡಿಯ ಮುಂದೆ, ನಾಲ್ಕು ಜನ ಗಿರಾಕಿಗಳ ಎದುರಿಗೇ, ಕತ್ತರಿ ಹಿಡಿದ ಕೈಯೆತ್ತಿ ಹೇಳಿಬಿಟ್ಟಿದ್ದಳು: “ಇಲೀನ ತಗೊಂಡ್ ಹೋಗಿ ಹುತ್ತದೊಳಗೆ ಬಿಡ್ತಿದ್ದೀರಿ, ಬಿಡಿ. ನಾನು ಮಾತ್ರ ಅವರ ಮನೆ ಮೆಟ್ಲು ಹತ್ತಲ್ಲ. ಹತ್ತಿದ್ರೆ ನನ್ ಹೆಸ್ರು ಖಿನ್ ಸೇನೇ ಅಲ್ಲ!”

ಮದುವೆಗೂ ಬರಲಿಲ್ಲ. ಗಂಡ ಹೆಂಡತಿ ಇದನ್ನು ತಮಾಷೆಗೆ ತಿರುಗಿಸಿಕೊಂಡಿದ್ದರು. ಅವನು “ನಾಗಮ್ಮ, ಬುಸುಗುಟ್ಬೇಡ” ಎನ್ನುವುದು, ಅವಳು “ಇಲಿರಾಯ, ಬಿಲ ಗುಡಿಸು” ಎನ್ನುವುದು. ಆದರೆ ತಮಾಷೆ ಮುಗಿದ ಮೇಲೂ ನೀಲಾಗೆ ಒಂದು ಮುಳ್ಳು ಉಳಿಯುತ್ತಿತ್ತು. ಅವಳ ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಬೆಳೆದದ್ದು ಚಿಕ್ಕಮ್ಮನ ಮನೆಯಲ್ಲಿ. ಮದುವೆಯಾದರೆ “ಅಮೇ”, ಅಂದರೆ ಅಮ್ಮಾ, ಎಂದು ಕರೆಯಲು ಒಬ್ಬರು ಸಿಗುತ್ತಾರೆ ಎಂದು ಅವಳು ಮನಸ್ಸಿನಲ್ಲೇ ಮಂಡಿಗೆ ತಿಂದಿದ್ದಳು. ಗಂಡ ಸಿಕ್ಕ, ಅಮೇ ಸಿಗಲಿಲ್ಲ. ಆ ಆಸೆಯನ್ನು ಅವಳು ಬಿಟ್ಟಿರಲೂ ಇಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಗಂಟೆ ಕಿಣಿ ಎಂದಿತು. ಪೇಪರ್ ಆಗಲೇ ಬಂದಾಗಿತ್ತು. ನೀಲಾ ಎಳೆದುಕೊಂಡಳು. ಬಾಳೆಲೆಯ ಪೊಟ್ಟಣ, ಇನ್ನೂ ಬಿಸಿ. ಒಳಗೆ ಗಂಡ-ಹೆಂಡತಿ ತಿಂಡಿ.

ಅದೇನೆಂದು ನಿಮಗೆ ಹೇಳಿಬಿಡುತ್ತೇನೆ. ಪಡ್ಡಿನ ಹಂಚಿನಂಥದೇ ಹಂಚು, ಅಕ್ಕಿಯ ಹಿಟ್ಟು, ಒಂದು ಗುಳಿಗೆ ಬೇಯಿಸಿದ ಕಡಲೆ, ಇನ್ನೊಂದಕ್ಕೆ ಈರುಳ್ಳಿ ಸೊಪ್ಪು. ಬೆಂದ ಮೇಲೆ ಎರಡು ಅರ್ಧಗಳನ್ನು ಒಂದರ ಮೇಲೊಂದು ಕವುಚಿ ಕೂಡಿಸಿದರೆ ಗಂಡ-ಹೆಂಡತಿ. ಬೀದಿಗೊಬ್ಬರು ಮಾರುತ್ತಾರೆ. ಆದರೆ ಈ ಪೊಟ್ಟಣದಲ್ಲಿ ಕಡಲೆಯವೆಲ್ಲ ಒಂದು ಕಡೆ, ಸೊಪ್ಪಿನವೆಲ್ಲ ಇನ್ನೊಂದು ಕಡೆ, ನಡುವೆ ಅಡ್ಡಲಾಗಿ ಒಂದು ಎಲೆ.

“ಇದ್ಯಾರು ಕಳಿಸಿದ್ದು?” ನೀಲಾ ಬಾಲ್ಕನಿಯಿಂದ ಬಗ್ಗಿ ನೋಡಿದಳು. ಕೆಳಗೆ ಕೊಡೆಗಳು ಬಿಟ್ಟರೆ ಏನಿಲ್ಲ. ಮಳೆಗಾಲದಲ್ಲಿ ಏಳನೆಯ ಮಹಡಿಯಿಂದ ನೋಡಿದರೆ ಯಾಂಗೋನ್‌ನಲ್ಲಿ ಮನುಷ್ಯರೇ ಇರುವುದಿಲ್ಲ.

ಮ್ಯೋ ಪೈಂಗ್ ಆಗಲೇ ಎರಡನ್ನು ಬಾಯಿಗೆ ಹಾಕಿಕೊಂಡಿದ್ದ. ಒಂದು ಗಳಿಗೆ ಅಗಿಯುವುದನ್ನು ನಿಲ್ಲಿಸಿ, ಆಮೇಲೆ ಮುಂದುವರಿಸಿದ. “ಯಾರಾದ್ರೂ ತಪ್ಪಿ ನಮ್ ಹಗ್ಗಕ್ಕೆ ಸಿಕ್ಕಿಸಿರ್ತಾರೆ. ಬಿಸಿ ಇದೆ, ತಿನ್ನು.”

“ಬೇರೆಯವರದು ಆದ್ರೆ?”

“ತಿಂದ್ಮೇಲೆ ನಮ್ದು.”

ಮುಂದಿನ ಭಾನುವಾರವೂ ಬಂತು. ಅದರ ಮುಂದಿನದೂ. ತಪ್ಪಿ ಸಿಕ್ಕಿಸುವವರು ಇಷ್ಟು ತಪ್ಪದೆ ಸಿಕ್ಕಿಸುತ್ತಾರೆಯೇ? ನೀಲಾಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಗಂಟೆ ಆದೊಡನೆ ಗಂಡನನ್ನು ಕೆಳಗೆ ಅಟ್ಟಿದಳು. ಹೋದವನು ಹೋದ, ಬರಲೇ ಇಲ್ಲ. ಬಂದಾಗ ಮೀಸೆಯ ಮೇಲೆ ಚಹಾದ ಕೆನೆ.

“ಸಿಕ್ಕಿದ್ರಾ?”

“ಯಾರೂ ಇರ್ಲಿಲ್ಲ.”

“ಚಹಾ ಅಂಗಡಿಯೋನೊಬ್ಬ ಇದ್ದ ಅನ್ಸುತ್ತೆ!”

ಕೆಳಮಹಡಿಯ ಪಾನ್ ಯೀ ಅಕ್ಕನನ್ನು ಕೇಳಿದಳು. ಅಕ್ಕನಿಗೆ ಬೀದಿಯ ಎಲ್ಲರ ಜಾತಕವೂ ಬಾಯಿಪಾಠ. ಎಲೆಅಡಿಕೆ ಜಗಿಯುತ್ತ ಪೊಟ್ಟಣ ಬಿಚ್ಚಿ ನೋಡಿದವಳೇ ಹುಬ್ಬು ಹಾರಿಸಿದಳು. “ಅಯ್ಯಯ್ಯೋ, ಇದೇನೇ ಇದು! ಗಂಡ-ಹೆಂಡತೀನ ಯಾರಾದ್ರೂ ಜೋಡಿಸದೆ ಕೊಡ್ತಾರಾ? ನಡುವೆ ಬೇರೆ ಗೋಡೆ! ಇದು ಗಂಡ-ಹೆಂಡತಿ ತಿಂಡಿ ಅಲ್ಲ ಕಣೇ, ಡೈವೋರ್ಸ್ ತಿಂಡಿ.”

ತಾನೇ ನೋಡುವುದೆಂದು ನೀಲಾ ಟೊಂಕ ಕಟ್ಟಿದಳು. ಮರುವಾರ ಕೆನ್ನೆಗೆ ಥನಾಕಾ ಮರದ ತೊಗಟೆ ತೇಯ್ದ ಗಂಧ ದಪ್ಪಗೆ ಬಳಿದು, ಗಂಡನ ದೊಡ್ಡ ಟೋಪಿ ಹಾಕಿ, ಎದುರಿನ ಚಹಾ ಅಂಗಡಿಯ ಮೋಟು ಮಣೆಯ ಮೇಲೆ ಪೇಪರ್ ಬಿಡಿಸಿ ಕುಳಿತಳು. ಅಂಗಡಿಯವನು, “ಏನ್ ತಂಗಿ, ಪೇಪರ್ ತಲೆಕೆಳಗಾಗಿದೆ” ಎಂದ. “ನಾನು ಹಾಗೇ ಓದೋದು” ಎಂದಳು.

ಸ್ವಲ್ಪ ಹೊತ್ತಿಗೆ ನೇರಳೆ ಬಣ್ಣದ ಕೊಡೆಯೊಂದು ಹಗ್ಗದ ಹತ್ತಿರ ಬಂದು ನಿಂತಿತು. ಕೊಡೆಯ ಅಡಿಯಿಂದ ಕೈಯೊಂದು ಹೊರಬಂದು ಪೊಟ್ಟಣ ಸಿಕ್ಕಿಸಿತು, ಹಗ್ಗ ಜಗ್ಗಿತು. ಕೊಡೆ ಸರಸರನೆ ಹೋಗಿ ಸೈಕಲ್ ರಿಕ್ಷಾದ ಮರೆಗೆ ನಿಂತಿತು. ಮೇಲೆ ಮ್ಯೋ ಪೈಂಗ್ ಎಳೆಯತೊಡಗಿದ. ಆಗ ಕೊಡೆ ಹಿಂದಕ್ಕೆ ವಾಲಿ, ಅದರ ಕೆಳಗಿನ ಮುಖ ಮೇಲಕ್ಕೆ ನೋಡಿತು. ಕನ್ನಡಕದ ಮೇಲೆ ಮಳೆ ಬೀಳುತ್ತಿದ್ದರೂ ಒರೆಸಿಕೊಳ್ಳದೆ, ಪೊಟ್ಟಣ ಏಳನೆಯ ಮಹಡಿಗೆ ಮುಟ್ಟುವವರೆಗೂ ನೋಡಿತು. ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡೇ ಬಂದಿದ್ದಳು ದೋ ಖಿನ್ ಸೇನ್.

ನೀಲಾಗೆ ಓಡಿಹೋಗಿ ಅಪ್ಪಿಕೊಳ್ಳಬೇಕೆನ್ನಿಸಿತು. ಎದ್ದೂ ನಿಂತಳು. ಅಷ್ಟರಲ್ಲಿ ಪಾನ್ ಯೀ ಅಕ್ಕನ ಮಾತು ನೆನಪಾಗಿ ಕಾಲು ಅಲ್ಲೇ ಕಚ್ಚಿಕೊಂಡಿತು. ಮೆಟ್ಟಿಲು ಹತ್ತದೆ ಮಗನ ಹೊಟ್ಟೆ ತುಂಬಿಸಿದಳು ಸರಿ, ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಆದರೆ ಪ್ರತಿ ವಾರ ಗಂಡನನ್ನು ಒಂದು ಕಡೆ, ಹೆಂಡತಿಯನ್ನು ಒಂದು ಕಡೆ ಇಟ್ಟು ಕಳಿಸುತ್ತಿದ್ದಾಳಲ್ಲ! ಇದಕ್ಕಿಂತ ಬೈದಿದ್ದರೆ ಮೇಲಿತ್ತು. ಕೊಡೆ ಬೀದಿಯ ತಿರುವಿನಲ್ಲಿ ಮರೆಯಾಯಿತು, ನೀಲಾ ಮೆಟ್ಟಿಲು ಹತ್ತಿದಳು.

“ನಿಂಗೆ ಗೊತ್ತಿತ್ತಾ?” ಬಾಗಿಲಲ್ಲೇ ಕೇಳಿದಳು.

ಮ್ಯೋ ಪೈಂಗ್ ಬಾಯಲ್ಲಿದ್ದುದನ್ನು ನುಂಗಿದ. “ಮೊದಲ್ನೇ ತುತ್ತಲ್ಲೇ. ಕಡಲೆಗೆ ಶುಂಠಿ ಹಾಕೋದು ಊರಲ್ಲಿ ನಮ್ಮಮ್ಮ ಒಬ್ಬಳೇ.”

“ಮತ್ತೆ ನನ್ಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಓಡೋಗಿ ಮುಂದೆ ನಿಲ್ತಿದ್ದೆ. ನಮ್ಮಮ್ಮ ಒಳ್ಳೇದು ಮಾಡ್ವಾಗ ಸಿಕ್ಕಿಬಿದ್ರೆ ಕಳ್ಳಿ ಥರ ಓಡೋಗ್ತಾಳೆ, ಮತ್ತೆ ಈ ಕಡೆ ತಲೆ ಹಾಕಲ್ಲ.”

“ಜೋಡಿಸದೆ ಕಳಿಸ್ತಿದ್ದಾರಲ್ಲ, ಅದು ಒಳ್ಳೇದಾ?”

ಅವನು ಪೊಟ್ಟಣವನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. “ಜೋಡ್ಸಿರ್ಲಿಲ್ವಾ? ನಾನು ಹಾಗೇ ತಿಂದ್ಬಿಟ್ಟೆ.”

ಗಂಡಸರ ಮುಂದೆ ಕಿನ್ನರಿ ಬಾರಿಸಿ ಏನು ಫಲ! ನೀಲಾ ಅತ್ತಳು, ಆಮೇಲೆ ಮೂಗು ಒರೆಸಿಕೊಂಡು ಕೆಳಗಿಳಿದು ಪಾನ್ ಯೀ ಅಕ್ಕನ ಹಂಚು ಇಸಕೊಂಡು ಬಂದಳು. ನಾಗ ಅನ್ನಿಸಿಕೊಂಡಾಗಿದೆ, ಹೆಡೆಯೆತ್ತದೆ ಇದ್ದರೆ ಹೇಗೆ? ಅವರು ಬಿಡಿಸಿ ಕಳಿಸಿದರೆ ತಾನು ಕೂಡಿಸಿ ಕಳಿಸುತ್ತೇನೆ. ಉತ್ತರ ಅವರಿಗೂ ತಿಳಿಯಲಿ.

ಹಟ ತೊಟ್ಟದ್ದು ಸುಲಭ, ಹಿಟ್ಟು ಹದ ಮಾಡುವುದು ಸುಲಭವಲ್ಲ. ವಾರವಿಡೀ ಮನೆಯ ತುಂಬ ಹೊಗೆ. ಹೊಯ್ದದ್ದು ಹಂಚನ್ನು ಬಿಡಲೊಲ್ಲದು. ಬಿಟ್ಟರೆ ಒಳಗೆ ಹಸಿ, ಹೊರಗೆ ಕರಿ. ಮ್ಯೋ ಪೈಂಗ್ ಕೆರೆದದ್ದನ್ನೆಲ್ಲ ತಿಂದು, “ಇಲಿ ಪಾಷಾಣ ಅಂತಾರಲ್ಲ, ಇದೇನಾ?” ಎಂದು ಕೇಳಿ ಬೆನ್ನಿಗೆ ಸವಟಿನ ಪೆಟ್ಟು ತಿಂದ. ಭಾನುವಾರ ಬೆಳಿಗ್ಗೆ ಹೇಗೋ ಒಂದಷ್ಟು ನೆಟ್ಟಗೆ ಎದ್ದವು. ಪಕ್ಕೆಯಲ್ಲಿ ಸ್ವಲ್ಪ ಸೊಟ್ಟ. ಆದರೂ ಕಡಲೆ, ಸೊಪ್ಪು ಎರಡನ್ನೂ ಒತ್ತಿ ಕೂಡಿಸಿ ಬಾಳೆಲೆಯಲ್ಲಿ ಸುತ್ತಿದಳು.

ಗಂಟೆ ಕಿಣಿ ಎಂದಿತು. ನೀಲಾ ಅತ್ತೆಯ ಪೊಟ್ಟಣವನ್ನು ಎಳೆದುಕೊಂಡು, ಅದೇ ಕ್ಲಿಪ್ಪಿಗೆ ತನ್ನದನ್ನು ಸಿಕ್ಕಿಸಿ ಇಳಿಬಿಟ್ಟಳು. ಹಗ್ಗ ಕೆಳಗೆ ಮುಟ್ಟಿತು. ನೇರಳೆ ಕೊಡೆ ರಿಕ್ಷಾದ ಮರೆಯಲ್ಲಿ ಅಲ್ಲಾಡಲಿಲ್ಲ. ಪೊಟ್ಟಣ ಮಳೆಯಲ್ಲಿ ತೂಗಾಡುತ್ತಿತ್ತು. ಅತ್ತೆ ಹಾಗೇ ಹೊರಟುಹೋದರೆ ಇನ್ನು ಆ ಗಂಟೆ ಯಾವತ್ತೂ ಆಗುವುದಿಲ್ಲವೆಂದು ನೀಲಾಗೆ ಗೊತ್ತಿತ್ತು. ಯಾಕಾದರೂ ಇಳಿಬಿಟ್ಟೆನೋ ಅನ್ನಿಸಿತು. ಕೊನೆಗೆ ಕೊಡೆ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು. ಕೈ ಹೊರಬಂತು. ಪೊಟ್ಟಣ ಬಿಚ್ಚಿ ಒಂದು ತಿಂಡಿಯನ್ನು ಕೊಡೆಯ ಅಡಿಗೆ ಒಯ್ದಿತು.

ಆಮೇಲೆ ಕೊಡೆ ಹಿಂದಕ್ಕೆ ವಾಲಿತು. ಬೀದಿಗೆಲ್ಲ ಕೇಳುವ ದನಿ ಮೇಲೆ ಬಂತು: “ಏ ಹುಡ್ಗೀ! ಉಪ್ಪೇ ಇಲ್ವಲ್ಲೇ ಇದಕ್ಕೆ! ಹಿಟ್ಟು ಯಾರು ಕಲಸಿದ್ದು, ಗಾರೆ ಕೆಲಸದೋನಾ?”

ಎರಡೂ ಬದಿಯ ಬಾಲ್ಕನಿಗಳಲ್ಲಿ ತಲೆಗಳು ಮೂಡಿದವು. ನೀಲಾ ಚಪ್ಪಲಿಯನ್ನೂ ಮೆಟ್ಟದೆ ಏಳು ಮಹಡಿ ಇಳಿದಳು. ಅತ್ತೆಯ ಮುಂದೆ ನಿಂತಾಗ ಉಸಿರು ಸಿಕ್ಕದೆ, ಯೋಚಿಸಿಟ್ಟಿದ್ದ ಮರ್ಯಾದೆಯ ಮಾತುಗಳೆಲ್ಲ ಹಾರಿಹೋಗಿ, ಗಂಟಲಲ್ಲಿದ್ದದ್ದೇ ಹೊರಬಿತ್ತು.

“ಉಪ್ಪಿಲ್ದಿದ್ರೂ ನಾನು ಜೋಡ್ಸಿದ್ದೀನಿ. ನೀವು ಯಾಕೆ ಬೇರೆ ಬೇರೆ ಮಾಡಿ ಕಳಿಸ್ತೀರಿ? ನಾವು ಬೇರೆ ಆಗ್ಲಿ ಅಂತಾನಾ?”

ದೋ ಖಿನ್ ಸೇನ್ ಕನ್ನಡಕ ಮೂಗಿಗೆ ಜಾರಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಬೆಪ್ಪುತಕ್ಕಡಿ! ಬಿಸೀಲಿ ಜೋಡ್ಸಿ ಪೊಟ್ಟಣ ಕಟ್ಟಿದ್ರೆ ಮೂರು ಬೀದಿ ದಾಟಿ, ಏಳು ಮಹಡಿ ಹತ್ತೋ ಹೊತ್ಗೆ ಬೆವತು ಮೆತ್ತಗಾಗಿ ಮುದ್ದೆ ಆಗಲ್ವೇನೇ? ಗರಿಗರಿಯಾಗಿ ಮನೆಗೆ ಮುಟ್ಸೋದಷ್ಟೇ ನನ್ ಕೆಲ್ಸ. ಜೋಡಿಸ್ಕೊಳ್ಳೋದು ನಿಮ್ ಕೆಲ್ಸ.”

ನೀಲಾ ನಗುವೋ ಅಳುವೋ ತಿಳಿಯದೆ ಮಳೆಯಲ್ಲಿ ನೆನೆಯುತ್ತ ನಿಂತಳು. ಅತ್ತೆ ಕೊಡೆಯನ್ನು ಅವಳ ತಲೆಯ ಮೇಲಕ್ಕೂ ಸರಿಸಿದಳು.

“ಮೇಲೆ ಬನ್ನಿ” ಎಂದಳು ನೀಲಾ.

“ಹತ್ತಲ್ಲ ಅಂದಿದ್ದೀನಿ. ನಾಲ್ಕು ಜನರ ಮುಂದೆ ಆಡಿದ ಮಾತು.” ಅತ್ತೆ ಸೊಟ್ಟ ತಿಂಡಿಯನ್ನು ಇನ್ನೊಂದು ಕಚ್ಚು ಕಚ್ಚಿದಳು. “ನೀನು ಇಳೀಬಾರ್ದು ಅಂತ ಅಂದಿದ್ನಾ? ಇಷ್ಟು ದಿನ ಏನ್ಮಾಡ್ತಿದ್ದೆ? ಬರೋ ವಾರ ನಮ್ಮನೆಗೆ ಬಾ, ಹಿಟ್ಟು ಕಲಸೋದು ತೋರಿಸ್ತೀನಿ.”

ಅಷ್ಟರಲ್ಲಿ ಹಗ್ಗ ತಾನಾಗಿ ಕುಣಿಯತೊಡಗಿತು. ಏಳನೆಯ ಮಹಡಿಯಿಂದ ಮ್ಯೋ ಪೈಂಗ್ ಜಗ್ಗುತ್ತಿದ್ದ. “ಏನಾಗ್ತಿದೆ ಅಲ್ಲಿ? ನನ್ಗೂ ಯಾರಾದ್ರೂ ಹೇಳ್ರೋ!”

ನೀಲಾ ತಲೆಯೆತ್ತಿ ನೋಡಿ ನಕ್ಕಳು. “ನಿಮ್ ಇಲಿ ಕಿಚಿಕಿಚಿ ಅಂತಿದೆ, ಅಮೇ.”

ಆ ಮಾತು ಬಾಯಿಂದ ಬಿದ್ದದ್ದು ಅವಳಿಗೇ ಆಮೇಲೆ ತಿಳಿಯಿತು. ದೋ ಖಿನ್ ಸೇನ್ ಅಗಿಯುವುದನ್ನು ಒಂದು ಗಳಿಗೆ ನಿಲ್ಲಿಸಿದಳು. ಮಗನೂ ಅಗಿಯುತ್ತ ಹೀಗೇ ನಿಲ್ಲಿಸಿದ್ದನ್ನು ನೀಲಾ ನೋಡಿದ್ದಳು. ಆಮೇಲೆ ಅತ್ತೆ ಕೊಡೆಯ ಹಿಡಿಯನ್ನು ಸೊಸೆಯ ಕೈಗೆ ಕೊಟ್ಟು, ಉಳಿದ ತಿಂಡಿಯನ್ನು ಎಲೆಯಲ್ಲಿ ಮಡಿಸಿ ಕ್ಲಿಪ್ಪಿಗೆ ಸಿಕ್ಕಿಸಿದಳು.

“ನನ್ ಇಲಿ ಅಲ್ಲ ಕಣೇ” ಎಂದಳು. “ಈಗ ನಿಂದು.”