ಸುಹರಾಳ ಹೆಸರಿನಲ್ಲಿದ್ದ ಬರಹ

ಬಿಜೈಯ ಒಂದು ನರ್ಸರಿ ಶಾಲೆಯಲ್ಲಿ ಸುಹರಾ ಹದಿನಾಲ್ಕು ವರ್ಷದಿಂದ ಆಯಾ. ಅವಳಿಗೆ ನಲವತ್ತೇಳು ತುಂಬಿದ ವರ್ಷ ಶಾಲೆಯ ಮೇಡಂ ಒಂದು ಆಸೆ ಹುಟ್ಟಿಸಿದರು: ಎಸ್ಸೆಸ್ಸೆಲ್ಸಿ ಪಾಸಾದರೆ ಸಹಾಯಕ ಟೀಚರ್ ಆಗಬಹುದು. ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ ಸುಹರಾ ಅಂಜುತ್ತಲೇ ಗಂಡನಿಗೆ ಹೇಳಿದಳು. ಬದ್ರುದ್ದೀನ್ ನಗಲಿಲ್ಲ. ಮರುದಿನ ಓದಲಿಕ್ಕೆಂದು ದೊಡ್ಡ ಪರದೆಯ ಒಂದು ಫೋನು ತಂದುಕೊಟ್ಟ.

ಖಾಸಗಿಯಾಗಿ ಪರೀಕ್ಷೆ ಕಟ್ಟುವವರಿಗೆಂದು ಬಲ್ಮಠದಲ್ಲಿ ಭಾನುವಾರದ ತರಗತಿ ನಡೆಯುತ್ತಿತ್ತು. ಅಲ್ಲಿ ಹನ್ನೊಂದು ಮಂದಿ. ಕಿರಿಯವರಿಗೆ ಹದಿನಾರು, ಎಲ್ಲರಿಗಿಂತ ಹಿರಿಯಳು ಸುಹರಾ. ವಾರಕ್ಕೊಂದು ದಿನ ಸಾಲದೆಂದು ನಿವೃತ್ತ ಶಿಕ್ಷಕಿ ನೀರಜಾಕ್ಷಿ ಟೀಚರ್ ಆನ್‌ಲೈನಿನಲ್ಲಿ ಎಲ್ಲರೂ ಬರೆಯಬಹುದಾದ ಒಂದು ಪುಟ ತೆರೆದಿದ್ದರು. ತಪ್ಪು ಕಂಡರೆ ಪಕ್ಕದಲ್ಲಿ ಗುರುತು ಹಾಕಿ, ಬರೆದವರೇ ತಿದ್ದಿಕೊಳ್ಳಲಿ, ವಯಸ್ಸು ನೋಡದೆ ಒಬ್ಬರಿಗೊಬ್ಬರು ಕಲಿಸಿ ಎಂದಿದ್ದರು.

ಸುಹರಾಳಿಗೆ ಜೊತೆ ಸಿಕ್ಕಿದ್ದು ಹದಿನೇಳರ ಸ್ಮೃತಿ. ಗಣಿತದಲ್ಲಿ ಎರಡು ಸಲ ಫೇಲಾಗಿ, ಲೆಕ್ಕ ಕಂಡರೆ ಪುಸ್ತಕ ಮುಚ್ಚಿಬಿಡುವ ಹುಡುಗಿ. ಸುಹರಾಳಿಗೆ ಲೆಕ್ಕ ಸಲೀಸು. ಅವಳು ಒಂದೊಂದೇ ಹಂತವನ್ನು ಪುಸ್ತಕದಲ್ಲಿ ಬರೆದು ಅದರ ಫೋಟೊ ಪುಟಕ್ಕೆ ಹಾಕುತ್ತಿದ್ದಳು. ಸ್ಮೃತಿ ಅದನ್ನು ನೋಡಿ ತನ್ನ ಪುಸ್ತಕದಲ್ಲಿ ಮಾಡುತ್ತಿದ್ದಳು. ಸುಹರಾಳಿಗೆ ಕಷ್ಟವಾದದ್ದು ಕನ್ನಡ. ಮನೆಯಲ್ಲಿ ಬ್ಯಾರಿ ಭಾಷೆ ಮಾತಾಡುವ ನಾಲಗೆಗೆ ‘ಳ’ವೂ ‘ಲ’ವೂ ಒಂದೇ, ‘ಣ’ವೂ ‘ನ’ವೂ ಒಂದೇ. ಮಳೆ ಬರೆಯಹೋದರೆ ಮಲೆ, ಹಣ್ಣು ಬರೆದರೆ ಹನ್ನು. ಅವಳು ಪುಟದಲ್ಲಿ ಟೈಪು ಮಾಡಿ ಮುಗಿಸುವಷ್ಟರಲ್ಲಿ ಸ್ಮೃತಿ ತಪ್ಪುಗಳನ್ನೆಲ್ಲ ಅಳಿಸಿ ಸರಿಮಾಡಿರುತ್ತಿದ್ದಳು. ತಾನು ಎಡವಿದ್ದು ಎಲ್ಲಿ ಎಂದು ಸುಹರಾಳಿಗೆ ತಿಳಿಯುತ್ತಲೇ ಇರಲಿಲ್ಲ.

ಒಂದು ಭಾನುವಾರ ಟೀಚರ್ ಪುಟದಲ್ಲಿದ್ದ ಸುಹರಾಳ ಪ್ರಬಂಧವನ್ನು ತರಗತಿಗೆಲ್ಲ ಓದಿ ಹೊಗಳಿದರು. ಸುಹರಾಳಿಗೆ ತಲೆ ಎತ್ತಲಾಗಲಿಲ್ಲ. ಹೊರಗೆ ಬಂದ ಮೇಲೆ ಸ್ಮೃತಿಯೊಡನೆ ಮೆಲ್ಲಗೆ ಕೇಳಿದಳು, “ನೀನು ಹಾಗೇ ಬಿಟ್ರೆ ಆಗ್ಲಿಕ್ಕಿಲ್ವಾ? ತಪ್ಪು ಎಲ್ಲಿ ಉಂಟು ಅಂತ ನನಗೆ ಗೊತ್ತಾಗ್ಬೇಕಲ್ಲ.”

“ನೀವು ನನಗೆ ಇಷ್ಟು ಲೆಕ್ಕ ಹೇಳಿಕೊಡ್ತೀರಿ ಆಂಟಿ. ನಾನು ಇಷ್ಟಾದ್ರೂ ಮಾಡ್ಬೇಡ್ವಾ?” ಎಂದಳು ಹುಡುಗಿ.

ಆ ಮುಖ ನೋಡಿ ಸುಹರಾ ಮಾತನ್ನು ಲೆಕ್ಕದ ಕಡೆ ತಿರುಗಿಸಿದಳು. ಆಮೇಲೂ ಎರಡು ಸಲ ಹೇಳಬೇಕೆಂದುಕೊಂಡಳು, ಹುಡುಗಿ ನೊಂದುಕೊಂಡಾಳೆಂದು ಬಿಟ್ಟಳು.

ಪರೀಕ್ಷೆಗೆ ಮೂರು ವಾರ ಇರುವಾಗ ಹೆದರಿ ಟೀಚರ್ ಹತ್ತಿರ ಹೋಗಿ ಎಲ್ಲ ಹೇಳಿದಳು. ಯಾರು ಏನು ತಿದ್ದಿದ್ದಾರೆಂದು ತೋರಿಸುವ ಪುಟದ ಹಳೆಯ ಪ್ರತಿಗಳನ್ನು ಅವರು ತೆರೆದು ನೋಡಿದರು. ಎಂಟು ತಿಂಗಳು ಸುಹರಾ ಬರೆದದ್ದರಲ್ಲಿ ಸ್ಮೃತಿ ಮುಟ್ಟದ ಸಾಲು ನಾಲ್ಕೋ ಐದೋ ಇತ್ತು. ಟೀಚರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾನು ಮೊದಲೇ ನೋಡ್ಬೇಕಿತ್ತು ಸುಹರಾ. ಈಗ ಎಂತ ಮಾಡುದು?”

ವಿಷಯ ತಿಳಿದು ಸ್ಮೃತಿ ಅತ್ತಳು, ತಿದ್ದುವುದನ್ನು ನಿಲ್ಲಿಸಿದಳು. ಟೀಚರ್ ದಿನಾ ಸಂಜೆ ಫೋನಿನಲ್ಲೇ ಉಕ್ತಲೇಖನ ಬರೆಸಿದರು. ಆದರೆ ದಿನಗಳು ಸಾಲಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಸುಹರಾ ‘ಹನ್ನು’ ಎಂದು ಬರೆದಳು, ಹೊಡೆದುಹಾಕಿ ‘ಹಣ್ಣು’ ಎಂದು ಬರೆದಳು. ಎರಡೂ ಸರಿಯೆಂದೇ ಕಂಡವು. ಉತ್ತರ ತಲೆಯಲ್ಲಿತ್ತು, ಪ್ರತಿ ಪದಕ್ಕೂ ಪೆನ್ನು ನಿಂತು ನಿಂತು ಕೊನೆಯ ಎರಡು ಪ್ರಶ್ನೆ ಹಾಗೇ ಉಳಿದವು.

ಗಣಿತದಲ್ಲಿ ಅವಳಿಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಕನ್ನಡದಲ್ಲಿ ಪಾಸಾಗಲು ಒಂಬತ್ತು ಕಡಿಮೆ. ಸ್ಮೃತಿ ಪಾಸಾಗಿದ್ದಳು. ಫೋನು ಮಾಡಿ ಬಿಕ್ಕಿ ಬಿಕ್ಕಿ ಅಳುವವಳನ್ನು ಸುಹರಾಳೇ ಸಮಾಧಾನ ಮಾಡಬೇಕಾಯಿತು. “ನಿನ್ನದು ಎಂತ ತಪ್ಪುಂಟು? ಅಳ್ಬೇಡ,” ಎಂದಳು. ಫೋನಿಟ್ಟ ಮೇಲೆ ತನ್ನ ಅಳುವನ್ನು ಯಾರ ಮುಂದೆ ಅಳುವುದೆಂದು ತಿಳಿಯದೆ, ಒಗೆದ ಬಟ್ಟೆ ಮಡಚತೊಡಗಿದಳು. ಇನ್ನೊಂದು ಸಲ ಕಟ್ಟು ಎಂದ ಬದ್ರುದ್ದೀನ್. ಅವಳು ಹೂಂ ಎಂದಳು.

ಜೂನಿನಲ್ಲಿ ಶಾಲೆ ಶುರುವಾದಾಗ ಮೇಡಂ ಅವಳನ್ನು ಕರೆದು, ಇನ್ನು ಕಾಯಲಾಗುವುದಿಲ್ಲ, ಟೀಚರ್ ಕೆಲಸಕ್ಕೆ ಬೇರೊಬ್ಬ ಹುಡುಗಿಯನ್ನು ತೆಗೆದುಕೊಂಡಿದ್ದೇವೆ ಎಂದರು. ಹೊಸಬಳು ಮೊದಲ ದಿನವೇ ಅಳುವ ಮಕ್ಕಳ ನಡುವೆ ಕಂಗಾಲಾಗಿ ನಿಂತಿದ್ದಳು. ಸುಹರಾ ಒಂದು ಮಗುವನ್ನು ಸೊಂಟಕ್ಕೇರಿಸಿಕೊಂಡು, ನೀರಿನ ಲೋಟ ಇಡುವ ಕಪಾಟು ಯಾವುದೆಂದು ಅವಳಿಗೆ ತೋರಿಸಿದಳು.