ಹೊಸ ಸಿಮ್ಮಿನ ಮನೆ ತುಂಬಿದ ಫೋನು

ಇದನ್ನು ಒಂದೇ ಬೆರಳಿನಿಂದ ಟೈಪ್ ಮಾಡುತ್ತಿದ್ದೇನೆ. ಉಳಿದ ಬೆರಳುಗಳು ಮದುವೆಮನೆಯ ಬೀಗರಂತೆ ಸುಮ್ಮನೆ ಕೂತು ನೋಡುತ್ತಿವೆ. ಒತ್ತಕ್ಷರ ಬಂದಾಗಲೆಲ್ಲ ಏದುಸಿರು ಬರುತ್ತದೆ. ಆದರೂ ಈ ಫೋನಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳದೆ ಇರಲಾರೆ. ಅದರ ಮೇಲೆಯೇ ಬರೆಯುತ್ತಿರುವುದರಿಂದ ಎದುರಿಗೇ ಹೊಗಳಿದಂತಾಗಿ, ಪಾಪ, ಬಿಸಿಯಾಗುತ್ತಿದೆ.

ಮಾರ್ಕೆಟ್ ಯಾರ್ಡ್ ಹತ್ತಿರದ ಮನೆ ಬಿಟ್ಟು ಮಗ ಸೊಸೆಯ ಜೊತೆ ತಳೇಗಾಂವಿಗೆ ಬಂದಾಗ ಸಾಮಾನೆಲ್ಲ ಬಂತು, ರೇಂಜ್ ಮಾತ್ರ ಬರಲಿಲ್ಲ. ನನ್ನ ಫೋನಿಗೆ ಜೀವ ಇರುತ್ತಿದ್ದುದು ಬಾಲ್ಕನಿಯ ತುಳಸಿ ಕುಂಡದ ಪಕ್ಕ ಮಾತ್ರ. ಅಡುಗೆಮನೆಗೆ ಕಾಲಿಟ್ಟರೆ ಮಾತು ಕಡಿದುಹೋಗುತ್ತಿತ್ತು.

ಗದಗಿನಲ್ಲಿರುವ ನನ್ನ ಅಕ್ಕ ದಿನಾ ಬೆಳಿಗ್ಗೆ ಫೋನ್ ಮಾಡುತ್ತಾಳೆ. ಅವಳಿಗೆ ಈಗ ಕಣ್ಣು ಕಾಣುವುದಿಲ್ಲ. ಅವಳ ಹಳೆಯ ಬಟನ್ ಫೋನಿನಲ್ಲಿ ಎರಡರ ಬಟನ್ ಒತ್ತಿ ಹಿಡಿದರೆ ನಾನು ಸಿಗುತ್ತೇನೆ. ಹಾಗೆ ಮಾಡಿಟ್ಟವರು ತೀರಿಕೊಂಡ ನಮ್ಮ ಭಾವ. ಅವರು ಹೊಂದಿಸಿದ್ದನ್ನು ಬದಲಿಸಲು ಅಕ್ಕ ಯಾರಿಗೂ ಬಿಡುವುದಿಲ್ಲ. ಅಂದಮೇಲೆ ನನ್ನ ನಂಬರು ಬದಲಾದರೆ ಅಕ್ಕನ ಬೆಳಗು ಹೋದಂತೆಯೇ, ನನ್ನದೂ.

ನಂಬರು ಇಟ್ಟುಕೊಂಡು ಕಂಪನಿಯನ್ನಷ್ಟೇ ಬಿಡಬಹುದು, ಒಂದು ಮೆಸೇಜ್ ಸಾಕು ಎಂದಳು ಮೈಸೂರಿನ ಸೊಸೆ ರಶ್ಮಿ. ಟೈಪಿಂಗ್ ಕಲಿತ ಹೊಸ ಹುಮ್ಮಸ್ಸು ನೋಡಿ, ನಾನೇ ಬರೆದು ಕಳಿಸಿದೆ: 'ನಮಸ್ಕಾರ. ನಾವು ಕ್ಷೇಮ, ನಿಮ್ಮ ಕ್ಷೇಮ ತಿಳಸ್ರಿ. ಇಷ್ಟ ವರ್ಷ ಛಲೋ ನೋಡ್ಕೊಂಡ್ರಿ. ಈಗ ಬ್ಯಾರೆ ಕಂಪನಿಗೆ ಹೋಗಬೇಕಾಗ್ಯದ. ಬ್ಯಾಸರ ಮಾಡ್ಕೋಬ್ಯಾಡ್ರಿ.' ಇದ್ದ ಮನೆಯಿಂದ ಹೇಳದೆ ಹೊರಡುವುದು ನಮ್ಮಲ್ಲಿಲ್ಲ. ಮೆಸೇಜ್ ಸರಿಯಿಲ್ಲ ಎಂದು ತಕ್ಷಣ ಉತ್ತರ ಬಂತು.

"ಅಯ್ಯೋ ಅತ್ತೆ, ಅದನ್ನ ಓದೋದು ಕಂಪ್ಯೂಟರ್! ಪೋರ್ಟ್ ಅಂತ ಒಂದ್ ಪದ, ನಿಮ್ ನಂಬರ್, ಅಷ್ಟೇ."

"ಹೋಗಿ ಬರ್ತೀನಿ ಅನ್ನೂದೂ ಬ್ಯಾಡೇನ?"

"ವಾಪಸ್ ಬರಲ್ವಲ್ಲ ಅತ್ತೆ!"

ಮಾತಿಗೆ ಸೋತು ಆ ಪದ, ನಂಬರು ಅಷ್ಟೇ ಕಳಿಸಿದೆ. ಬಂದ ಕೋಡನ್ನು ಹೊಸ ಕಂಪನಿಗೆ ಕೊಟ್ಟು ಸಿಮ್ ತಂದೆವು. ಕೆಲವು ದಿನಗಳ ನಂತರ ಹಳೆಯ ಸಿಮ್ ಕಣ್ಣು ಮುಚ್ಚಿತು. ಹೊಸದನ್ನು ಹಾಕಿಸಲು ಅಂಗಡಿಗೆ ಹೋದೆ. ಈ ಫೋನನ್ನು ಕೊಂಡದ್ದು ಹಳೆಯ ಕಂಪನಿಯ ಅಂಗಡಿಯಲ್ಲೇ. ಇದಕ್ಕೆ ಮೊದಲಿದ್ದ ಫೋನು ಕಂಪನಿ ಲಾಕ್ ಮಾಡಿದ್ದು, ಬೇರೆಯವರ ಸಿಮ್ ಕಂಡರೆ ಮುಖ ತಿರುಗಿಸುತ್ತಿತ್ತು. ಇದೂ ಹಾಗೆ ಹಟ ಹಿಡಿದರೆ?

ಅಂಗಡಿಯ ಮರಾಠಿ ಹೆಂಗಸು ನಕ್ಕಳು. "ಆಜೀ, ಫೋನ್ ಅನ್‌ಲಾಕ್ ಆಹೆ. ಕುಣಾಚಂಹೀ ಸಿಮ್ ಚಾಲತಂ." ಯಾರ ಸಿಮ್ಮಾದರೂ ನಡೆಯುತ್ತದಂತೆ!

ನನ್ನ ಮದುವೆಯಲ್ಲಿ ತಾಟಿನ ತುಂಬ ಅಕ್ಕಿ ಹರಡಿ, ಉಂಗುರದಿಂದ ನನ್ನ ಹೊಸ ಹೆಸರು ಬರೆಸಿದರು. ಚಂದ್ರವ್ವ ಹೋಗಿ ಮಂಗಲಾ ಆದೆ. ಎಷ್ಟೋ ದಿನ ಯಾರಾದರೂ ಮಂಗಲಾ ಎಂದು ಕರೆದರೆ, ಯಾರಪ್ಪಾ ಅವಳು ಎಂದು ಹಿಂದೆ ತಿರುಗಿ ನೋಡುತ್ತಿದ್ದೆ. ಈ ಫೋನನ್ನು ನೋಡಿ! ಪರದೆಯ ಮೂಲೆಯಲ್ಲಿದ್ದ ಹಳೆಯ ಕಂಪನಿಯ ಹೆಸರು ಹೋಗಿ ಹೊಸದು ಬಂತು. ಅಳಲಿಲ್ಲ, ಮುನಿಯಲಿಲ್ಲ. ತವರಿನ ಫೋಟೋ ಒಂದನ್ನೂ ಕಳೆದುಕೊಳ್ಳದೆ ಹೊಸ ಮನೆಯ ಕೆಲಸಕ್ಕೆ ನಿಂತೇಬಿಟ್ಟಿತು. ಇಂಥ ಜಾಣೆಯನ್ನು ನಾನು ನೋಡಿಲ್ಲ. ಇದನ್ನು ರಶ್ಮಿಯ ಮುಂದೆ ಅನ್ನಲಿಲ್ಲ, ನನಗೂ ಬುದ್ಧಿಯಿದೆ.

ಆದರೆ ಅಕ್ಕನ ಬೆರಳಿಗೆ ನಾನು ಸಿಗುತ್ತೇನೆಯೇ? ಮರುದಿನ ಬೆಳಿಗ್ಗೆ ಚಹಾ ಆರುವವರೆಗೂ ಫೋನನ್ನು ದಿಟ್ಟಿಸುತ್ತಾ ಕೂತೆ. ಬಂತು!

"ಚಂದ್ರಿ, ನಿನ್ನೆ ಎಲ್ಲಿ ಸತ್ತಿದ್ದೆಲೇ? ಒತ್ತಿ ಒತ್ತಿ ನನ್ನ ಬಟ್ಟ ಸವೀತು."

ಅಕ್ಕನಿಗೆ ನಾನು ಇವತ್ತಿಗೂ ಚಂದ್ರಿಯೇ. ಅಕ್ಕಿಯ ಮೇಲೆ ಬರೆದದ್ದನ್ನು ಅವಳು ಓದಲೇ ಇಲ್ಲ.

"ಫೋನ್ ಮನಿ ಬದ್ಲಿ ಮಾಡ್ತವ್ವ," ಎಂದೆ.

"ಮಾಡ್ಲಿ ಬಿಡು. ಇಲ್ಲಿ ನಮ್ಮ ಸೊಸಿ ಏನ್ ಮಾಡ್ಯಾಳ ಗೊತ್ತದೇನ?"

ಇದು ಮುಗಿಯದ ಕಥೆ. ರೂಢಿಯಂತೆ ಮೆಲ್ಲಗೆ ಎದ್ದು, ಮಾತು ಕಡಿದುಹೋಗಲಿ ಎಂದು ಅಡುಗೆಮನೆಗೆ ನಡೆದೆ. ಅಲ್ಲೂ ಅಕ್ಕನ ದನಿ ಪಕ್ಕದಲ್ಲೇ ಕೂತಂತೆ ಸ್ಪಷ್ಟ! ಫ್ರಿಜ್ಜಿನ ಹಿಂದೆ ನಿಂತೆ, ಅಲ್ಲೂ ಸ್ಪಷ್ಟ. ಕೊನೆಗೆ ಸ್ಟೂಲ್ ಎಳೆದುಕೊಂಡು ಕೂತು, ಹೂಂ ಅಂದೆ.